ಸಾಕಿದ ಹಾವಿಗೆ ಎಷ್ಟು ಊಟ, ಎಷ್ಟು ದಿನಕ್ಕೊಮ್ಮೆ? ಪುಣೆಯ ಫ್ಲ್ಯಾಟಿನಿಂದ ಒಂದು ಸಮಗ್ರ ಮಾರ್ಗದರ್ಶಿ

ಪ್ರತಿ ಶ್ರಾವಣದಲ್ಲಿ ಧಾರವಾಡದಿಂದ ಕೋಥ್ರೂಡಿನ ನಮ್ಮ ಫ್ಲ್ಯಾಟಿಗೆ ಬರುವ ಅವ್ವ ಚಪ್ಪಲಿ ಬಿಡುವ ಮೊದಲೇ ಕೇಳುತ್ತಾಳೆ: "ಅದಕ್ಕ ಏನರ ಹಾಕಿದ್ಯೋ ಇಲ್ಲೋ?" ಹಾಕಿ ಹನ್ನೆರಡು ದಿನ ಆಯಿತು, ಇನ್ನೂ ಹತ್ತು ದಿನ ಏನೂ ಹಾಕುವುದಿಲ್ಲ ಅಂದರೆ ಆಕೆಯ ಮುಖ ಇಳಿದುಹೋಗುತ್ತದೆ. "ಪಾಪ, ಬಾಯಿ ಇಲ್ಲದ ಪ್ರಾಣಿ. ಉಪಾಸ ಕೆಡವೀದಿ." ತಾಟಿನ ಮುಂದೆ ಕುಳಿತವರಿಗೆ ಕೇಳದೆಯೇ ಇನ್ನೊಂದು ರೊಟ್ಟಿ ಹಾಕುವ ಮನೆಯಲ್ಲಿ ಬೆಳೆದವನು ನಾನು. ಹಾವು ಸಾಕುವುದರಲ್ಲಿ ನನಗೆ ಕಷ್ಟವಾದದ್ದು ಹಾವಲ್ಲ, ಬಡಿಸುವ ಕೈಯನ್ನು ಬಿಗಿಹಿಡಿಯುವುದು.

ನಮ್ಮ ಹಾವಿನ ಹೆಸರು ಗುಂಡ. ಬಾಲ್ ಪೈಥಾನ್, ಅಂದರೆ ಪಶ್ಚಿಮ ಮತ್ತು ಮಧ್ಯ ಆಫ್ರಿಕಾದ ಚಿಕ್ಕ ಜಾತಿಯ ಹೆಬ್ಬಾವು. ಹೆದರಿದರೆ ತಲೆ ಒಳಗಿಟ್ಟು ಉಂಡಿಯಂತೆ ಸುತ್ತಿಕೊಳ್ಳುತ್ತದೆ. ಕೆಳಗೆ ಬರೆದಿರುವುದರಲ್ಲಿ ಹೆಚ್ಚಿನದು ಈ ಜಾತಿಗೆ ಸೇರಿದ್ದು. ಮುಂಬೈ, ಪುಣೆಯಲ್ಲಿ ಕಾರ್ನ್ ಸ್ನೇಕ್ (ಅಮೆರಿಕದ, ವಿಷವಿಲ್ಲದ ತೆಳ್ಳನೆಯ ಹಾವು) ಸಾಕುವವರೂ ಇರುವುದರಿಂದ ಅದರ ಲೆಕ್ಕವನ್ನೂ ಸೇರಿಸಿದ್ದೇನೆ.

ಮೊದಲು ಕಾಗದಪತ್ರ

ಇದು ಊಟದ ವಿಷಯವಲ್ಲ, ಆದರೆ ಇದಿಲ್ಲದೆ ಮುಂದಿನದಕ್ಕೆ ಅರ್ಥವಿಲ್ಲ. ನಮ್ಮ ದೇಶದ ಹಾವನ್ನು ಮನೆಯಲ್ಲಿ ಸಾಕುವಂತಿಲ್ಲ. ನಾಗರ, ಕೇರೆ, ಹೆಬ್ಬಾವು ಎಲ್ಲವೂ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಕೆಳಗೆ ಬರುತ್ತವೆ. ಇಲ್ಲಿ ಮರಾಠಿಯವರು ಮಾಂಡೂಳ ಎನ್ನುವ, ನಮ್ಮ ಕಡೆ ಎರಡು ತಲೆ ಹಾವು, ಮಣ್ಣುಮುಕ್ಕ ಎಂದು ಕರೆಯುವ ಹಾವನ್ನು "ಲಕ್ಷ್ಮಿ ಬರ್ತಾಳೆ" ಎಂದು ಮಾರಲು ಬರುವವರಿದ್ದಾರೆ. ಅದಕ್ಕಿರುವುದು ಒಂದೇ ತಲೆ. ಲಕ್ಷ್ಮಿಗಿಂತ ಮೊದಲು ಅರಣ್ಯ ಇಲಾಖೆಯವರು ಬರುತ್ತಾರೆ.

ವಿದೇಶಿ ಹಾವುಗಳ ಲೆಕ್ಕ ಬೇರೆ. ಬಾಲ್ ಪೈಥಾನ್ ವನ್ಯಜೀವಿಗಳ ವ್ಯಾಪಾರಕ್ಕೆ ಮಿತಿ ಹಾಕುವ ಅಂತರರಾಷ್ಟ್ರೀಯ ಸೈಟಿಸ್ ಒಪ್ಪಂದದ ಎರಡನೇ ಪಟ್ಟಿಯಲ್ಲಿದೆ. 1972ರ ಕಾಯ್ದೆಗೆ 2022ರಲ್ಲಿ ಬಂದ ತಿದ್ದುಪಡಿಯ ನಂತರ ಇಂಥ ಪ್ರಾಣಿಗಳನ್ನು ಇಟ್ಟುಕೊಂಡವರು ನೋಂದಣಿ ಮಾಡಿಸಬೇಕು. 2024ರ ನಿಯಮಗಳ ಪ್ರಕಾರ ಅದು ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ 2.0 ಪೋರ್ಟಲ್‌ನಲ್ಲಿ ಆಗುತ್ತದೆ. ರಶೀದಿ ಇಲ್ಲದೆ, ನೋಂದಣಿಗೆ ಬೇಕಾದ ಕಾಗದ ಕೊಡದೆ ಮಾರುವವರಿಂದ ಕೊಳ್ಳಬೇಡಿ.

ತಕ್ಕಡಿ, ನೋಟ್‌ಬುಕ್, ಶಾಖ

ಊಟದ ಪ್ರಮಾಣ ತೀರ್ಮಾನಿಸುವುದು ಹಾವಿನ ವಯಸ್ಸಲ್ಲ, ಅದರ ಹಸಿದ ಮುಖವೂ ಅಲ್ಲ (ಹಾವಿನ ಮುಖ ಯಾವಾಗಲೂ ಹಾಗೇ ಇರುತ್ತದೆ). ತೂಕ. 5 ಕಿಲೋವರೆಗೆ 1 ಗ್ರಾಂ ನಿಖರತೆಯಲ್ಲಿ ತೋರಿಸುವ ಅಡುಗೆಮನೆಯ ಡಿಜಿಟಲ್ ತಕ್ಕಡಿ ಸಾಕು. ಹಾವಿಗೆಂದೇ ಬೇರೆ ತಕ್ಕಡಿ ಇಡಿ, ಹಿಟ್ಟು ತೂಗುವುದರಲ್ಲಿ ಅದನ್ನು ತೂಗಬೇಡಿ. ಖಾಲಿ ಪ್ಲಾಸ್ಟಿಕ್ ಡಬ್ಬಿ ಇಟ್ಟು ಸೊನ್ನೆ ಮಾಡಿ, ಹಾವನ್ನು ಡಬ್ಬಿಯೊಳಗೆ ಬಿಟ್ಟು ಅಂಕಿ ಬರೆದುಕೊಳ್ಳಿ. ಮರಿಯಾದರೆ ವಾರಕ್ಕೊಮ್ಮೆ, ಬೆಳೆದದ್ದಾದರೆ ತಿಂಗಳಿಗೊಮ್ಮೆ, ಊಟಕ್ಕೆ ಮುಂಚೆ ತೂಗಬೇಕು. ಊಟವಾದ ಮರುದಿನ ತೂಗಿದರೆ ಹೊಟ್ಟೆಯಲ್ಲಿರುವ ಇಲಿಯ ತೂಕವೂ ಸೇರಿರುತ್ತದೆ.

ನೋಟ್‌ಬುಕ್ಕಿನಲ್ಲಿ ತಾರೀಖು, ಹಾವಿನ ತೂಕ, ಇಲಿಯ ತೂಕ, ತಿಂದಿತೋ ಇಲ್ಲವೋ, ಹಿಕ್ಕೆ ಹಾಕಿದ ದಿನ, ಪೊರೆ ಬಿಟ್ಟ ದಿನ ಇಷ್ಟು ಬರೆಯಿರಿ. ಮುಂದೊಂದು ದಿನ ವೈದ್ಯರ ಬಳಿ ಹೋದಾಗ ಅವರು ಮೊದಲು ಕೇಳುವುದು ಇದನ್ನೇ.

ಇನ್ನು ಶಾಖ. ಹಾವಿಗೆ ನಮ್ಮ ಹಾಗೆ ಒಳಗಿನ ಒಲೆ ಇಲ್ಲ. ತಿಂದದ್ದು ಕರಗಲು ಹೊರಗಿನ ಬಿಸಿ ಬೇಕು. ಬಾಲ್ ಪೈಥಾನ್ ಗೂಡಿನ ಒಂದು ತುದಿ 31ರಿಂದ 33 ಡಿಗ್ರಿ ಸೆಲ್ಸಿಯಸ್, ಇನ್ನೊಂದು ತುದಿ 25ರಿಂದ 27 ಇರಬೇಕು, ಎರಡೂ ಕಡೆ ಅಡಗಲು ಜಾಗವಿರಬೇಕು. ಹೀಟ್ ಮ್ಯಾಟ್ (ಗೂಡಿಗೆ ಹಾಕುವ, ಕರೆಂಟಿನಿಂದ ಬಿಸಿಯಾಗುವ ಚಾಪೆ) ಹಾಕಿದರೆ ಬಿಸಿ ಮಿತಿ ಮೀರದಂತೆ ತಡೆಯುವ ಥರ್ಮೋಸ್ಟಾಟ್ ಕಡ್ಡಾಯ, ಇಲ್ಲದಿದ್ದರೆ ಹೊಟ್ಟೆಯ ಚರ್ಮ ಸುಡುತ್ತದೆ. ಮುಂಬೈಯವರಿಗೆ ಚಳಿಯ ಚಿಂತೆ ಕಡಿಮೆ. ಪುಣೆಯಲ್ಲಿ ಡಿಸೆಂಬರ್ ರಾತ್ರಿ 10-12 ಡಿಗ್ರಿಗೆ ಇಳಿಯುತ್ತದೆ, ಕೋಣೆಯ ಶಾಖವನ್ನು ನಂಬುವಂತಿಲ್ಲ.

ಇಲ್ಲೇ ನಾನು ಮಾಡಿದ ತಪ್ಪು ಹೇಳಿಬಿಡುತ್ತೇನೆ. ಪುಣೆಯಲ್ಲಿ ಇರುವವರಿಗೆ ಗುರುವಾರದ ಮಹಿಮೆ ಗೊತ್ತು: ದುರಸ್ತಿ ಕೆಲಸಕ್ಕೆಂದು ನೀರೋ ಕರೆಂಟೋ ಹೋಗುವ ವಾರ ಅದು. ಗುಂಡ ಬಂದ ಮೊದಲ ಚಳಿಗಾಲದಲ್ಲಿ ಒಂದು ಬುಧವಾರ ರಾತ್ರಿ ಇಲಿ ಹಾಕಿದೆ. ಗುರುವಾರ ಬೆಳಿಗ್ಗೆ ಆಫೀಸಿಗೆ ಹೋದೆ, ಕರೆಂಟ್ ಹೋಯಿತು, ಸಂಜೆ ಬಂತು. ಶುಕ್ರವಾರ ನೋಡಿದರೆ ಬಿಸಿ ಸಾಲದೆ ಗುಂಡ ಕಕ್ಕಿದ ಅರ್ಧ ಕೊಳೆತ ಇಲಿ ಗೂಡಿನಲ್ಲಿ ಬಿದ್ದಿದೆ, ಮನೆಯೆಲ್ಲ ನಾತ. ಅಂದಿನಿಂದ ನಮ್ಮ ಮನೆಯಲ್ಲಿ ಬುಧವಾರ ಹಾವಿಗೆ ಊಟವಿಲ್ಲ, ಗುರುವಾರ ರಾತ್ರಿಯೇ. ಹೀಟ್ ಮ್ಯಾಟ್ ಎಳೆಯುವುದು 15-20 ವ್ಯಾಟ್ ಅಷ್ಟೇ, ಮನೆಯ ಇನ್ವರ್ಟರಿಗೆ ಅದರ ಪ್ಲಗ್ ಸೇರಿಸಿದರೆ ಚಿಂತೆ ತಪ್ಪುತ್ತದೆ.

ಏನು ಹಾಕಬೇಕು

ಇಡೀ ಇಲಿ. ಹಾವಿಗೆ ಬೇಕಾದ ಸುಣ್ಣದಂಶ ಮೂಳೆಯಲ್ಲಿದೆ, ಜೀವಸತ್ವಗಳು ಯಕೃತ್ತಿನಲ್ಲಿವೆ. ಅಂಗಡಿಯಿಂದ ತಂದ ಚಿಕನ್ ತುಂಡಿನಲ್ಲಿ ಎರಡೂ ಸಾಲದು. ಮೊಟ್ಟೆ, ಪನೀರು, ಹುಳು ಯಾವುದೂ ಇವಕ್ಕೆ ಆಹಾರವಲ್ಲ. ಇಡೀ ಇಲಿ ತಿನ್ನುವ ಹಾವಿಗೆ ಮೇಲಿಂದ ಪುಡಿ, ಟಾನಿಕ್ ಬೇಕಿಲ್ಲ.

ಹಾಲಿನ ವಿಷಯ. ಪಂಚಮಿಯ ದಿನ ಅವ್ವ ನಾಗಪ್ಪನ ಕಲ್ಲಿಗೆ "ಅಪ್ಪನ ಪಾಲು, ಅವ್ವನ ಪಾಲು" ಎನ್ನುತ್ತ ಹಾಲು ಎರೆದು ಬಂದು, ಉಳಿದದ್ದನ್ನು ಬಟ್ಟಲಲ್ಲಿ ಹಿಡಿದು ಗುಂಡನ ಗೂಡಿನ ಮುಂದೆ ನಿಂತಿದ್ದಳು. ನಾನು ಬಟ್ಟಲು ತೆಗೆದುಕೊಂಡು ಚಹಾ ಮಾಡಿದೆ. ಹಾವು ಮೊಲೆಯುಣ್ಣುವ ಪ್ರಾಣಿಯಲ್ಲ, ಹಾಲನ್ನು ಜೀರ್ಣಿಸುವ ವ್ಯವಸ್ಥೆ ಅದಕ್ಕಿಲ್ಲ. ಹಾವಾಡಿಗರ ಬುಟ್ಟಿಯ ಹಾವು ಹಾಲು ಕುಡಿಯುವುದು ದಿನಗಟ್ಟಲೆ ನೀರಿಲ್ಲದೆ ಒಣಗಿರುವುದರಿಂದ. ಗೂಡಿನಲ್ಲಿ ಯಾವಾಗಲೂ ಶುದ್ಧ ನೀರಿರಲಿ, ದಿನಾಲೂ ಬದಲಿಸಿ. ಹಾವಿನ ಪಾಲು ಅಂದರೆ ಅದು.

ಮನೆಯಲ್ಲಿ ಬೋನಿಗೆ ಬಿದ್ದ ಇಲಿಯನ್ನು ಮಾತ್ರ ಎಂದಿಗೂ ಹಾಕಬೇಡಿ. "ಪುಕ್ಕಟೆ ಸಿಕ್ಕಿತಲ್ಲ" ಎನ್ನುವವರು ನಮ್ಮ ಸೊಸೈಟಿಯಲ್ಲೇ ಇದ್ದಾರೆ. ಪಕ್ಕದ ಕಟ್ಟಡದಲ್ಲಿ ಯಾರೋ ಇಟ್ಟ ಪಾಷಾಣ ತಿಂದು ಬಂದ ಇಲಿ ಅದಾಗಿದ್ದರೆ ಹಾವಿಗೂ ವಿಷ ಏರುತ್ತದೆ. ಹೊಟ್ಟೆಹುಳು, ಉಣ್ಣಿ ಇದ್ದೇ ಇರುತ್ತವೆ. ಮುಂಬೈಯ ಮಳೆಗಾಲದಲ್ಲಿ ಲೆಪ್ಟೊಸ್ಪೈರೋಸಿಸ್ (ಇಲಿಜ್ವರ) ಹರಡುವುದು ಇಲಿಗಳ ಮೂತ್ರದಿಂದ, ಇಲಿಯನ್ನು ಕೈಯಲ್ಲಿ ಹಿಡಿಯುವ ನಿಮಗೂ ಅಪಾಯ. ಆಹಾರಕ್ಕೆಂದೇ ಸಾಕಿದ ಬಿಳಿ ಇಲಿಗಳನ್ನೇ ಕೊಳ್ಳಬೇಕು.

ಜೀವಂತ ಇಲಿಯೋ ಸತ್ತದ್ದೋ? ಸತ್ತದ್ದು, ಫ್ರೀಜರಿನಲ್ಲಿಟ್ಟು ಕರಗಿಸಿದ್ದು. ಮೂಲೆಗೆ ಸಿಕ್ಕ ಇಲಿ ಹಾವಿನ ಬೆನ್ನು ಕಚ್ಚಿ ಮೂಳೆ ಕಾಣುವವರೆಗೆ ಗಾಯ ಮಾಡಬಲ್ಲದು. ಹಸಿವಿಲ್ಲದ ಹಾವಿನ ಜತೆ ರಾತ್ರಿಯಿಡೀ ಜೀವಂತ ಇಲಿ ಬಿಟ್ಟರೆ ಬೆಳಿಗ್ಗೆ ಊಟವಾಗಿರುವುದು ಹಾವೇ ಇರಬಹುದು. ಇಲಿಯ ಪಾಡಂತೂ ಬೇರೆ.

ಎಷ್ಟು, ಎಷ್ಟು ದಿನಕ್ಕೊಮ್ಮೆ

ಅಂಗಡಿಯವರು ಹೇಳುವ ಹಳೆಯ ಸೂತ್ರ: ಹಾವಿನ ಹೊಟ್ಟೆಯ ದಪ್ಪ ಎಷ್ಟಿದೆಯೋ ಅಷ್ಟು ದಪ್ಪದ ಇಲಿ. ತಪ್ಪಲ್ಲ. ಅದಕ್ಕಿಂತ ದಪ್ಪ ಬೇಡ ಎಂಬ ಗೆರೆಯಾಗಿ ಅದನ್ನು ಇಟ್ಟುಕೊಳ್ಳಿ. ಆದರೆ ಹಾವು ಕೊಬ್ಬಿದಂತೆಲ್ಲ ಈ ಸೂತ್ರ ಇನ್ನೂ ದಪ್ಪ ಇಲಿ ಕೊಡು ಎನ್ನುತ್ತದೆ, ಅದೇ ಅದರ ದೋಷ. ತೂಕದ ಶೇಕಡಾವಾರು ಲೆಕ್ಕ ಹೆಚ್ಚು ನಂಬಿಕೆಗೆ ಯೋಗ್ಯ.

ಬಾಲ್ ಪೈಥಾನ್‌ಗೆ ನಾನು ಅನುಸರಿಸುವುದು ಹೀಗಿದೆ:

200 ಗ್ರಾಂವರೆಗಿನ ಮರಿಗೆ ತೂಕದ 10ರಿಂದ 15 ಶೇಕಡಾ, 7 ದಿನಕ್ಕೊಮ್ಮೆ.
200ರಿಂದ 500 ಗ್ರಾಂ ಇರುವಾಗ 10 ಶೇಕಡಾದ ಆಸುಪಾಸು, 7ರಿಂದ 10 ದಿನಕ್ಕೊಮ್ಮೆ.
500 ಗ್ರಾಂನಿಂದ 1 ಕಿಲೋವರೆಗೆ 5ರಿಂದ 7 ಶೇಕಡಾ, 14 ದಿನಕ್ಕೊಮ್ಮೆ.
1 ಕಿಲೋ ದಾಟಿ ಬೆಳವಣಿಗೆ ನಿಧಾನವಾದ ಮೇಲೆ 5 ಶೇಕಡಾ, 3ರಿಂದ 4 ವಾರಕ್ಕೊಮ್ಮೆ.

ಗುಂಡ ಬಂದಾಗ 110 ಗ್ರಾಂ ಇದ್ದ. ಲೆಕ್ಕಕ್ಕೆ 11ರಿಂದ 16 ಗ್ರಾಂ, ಅಂದರೆ ಓಡಾಡಲು ಕಲಿತ ಸುಂಡಿಲಿಯ (ಮೌಸ್ ಎನ್ನುವ ಚಿಕ್ಕ ಜಾತಿಯ ಇಲಿಯ) ಮರಿ, ವಾರಕ್ಕೊಂದು. 400 ಗ್ರಾಂ ಆದಾಗ 40 ಗ್ರಾಂನ ಎಳೆಯ ಇಲಿ. ಈಗ 1,400 ಗ್ರಾಂ, 70 ಗ್ರಾಂನ ಇಲಿಯೊಂದು ಮೂರು ವಾರದ ಮೇಲೆ. ದೊಡ್ಡ ಹೆಣ್ಣಾದರೂ 100 ಗ್ರಾಂಗಿಂತ ದೊಡ್ಡ ಇಲಿಯ ಅಗತ್ಯ ಬೀಳುವುದು ಅಪರೂಪ. ಎರಡು ಚಿಕ್ಕವನ್ನು ಹಾಕುವುದಕ್ಕಿಂತ ಸರಿಯಾದ ಅಳತೆಯ ಒಂದೇ ಇಲಿ ಸುಲಭ, ಆದರೆ ಸಿಗದಿದ್ದರೆ ಎರಡು ಚಿಕ್ಕವು ನಡೆಯುತ್ತವೆ. ಒಂದು ದೊಡ್ಡದು ನಡೆಯುವುದಿಲ್ಲ.

ಕಾರ್ನ್ ಸ್ನೇಕ್ ಚುರುಕು ಪ್ರಾಣಿ, ಕರಗಿಸುವುದೂ ಬೇಗ. 6-8 ಗ್ರಾಂನ ಮರಿಗೆ 2-3 ಗ್ರಾಂನ, ಇನ್ನೂ ಕೂದಲು ಬರದ ಇಲಿಮರಿ, 5ರಿಂದ 7 ದಿನಕ್ಕೊಮ್ಮೆ. ಶೇಕಡಾವಾರು ಜಾಸ್ತಿ ಕಾಣುತ್ತದೆ, ಆದರೆ ಆ ಮರಿ ಮೆತ್ತಗೆ ನೀರುನೀರಾಗಿರುವುದರಿಂದ ತೊಂದರೆಯಿಲ್ಲ. 100 ಗ್ರಾಂ ಆಸುಪಾಸಿನದಕ್ಕೆ 10-15 ಗ್ರಾಂನ ಸುಂಡಿಲಿ, 7ರಿಂದ 10 ದಿನಕ್ಕೊಮ್ಮೆ. ಪೂರ್ತಿ ಬೆಳೆದದ್ದಕ್ಕೆ 25-30 ಗ್ರಾಂನ ದೊಡ್ಡ ಸುಂಡಿಲಿ ಒಂದು, ಎರಡು ವಾರಕ್ಕೊಮ್ಮೆ. ಬೋವಾ (ಅಮೆರಿಕ ಖಂಡದ ದೊಡ್ಡ ಹಾವು) ಸಾಕಿದವರು ಇದಕ್ಕೆ ತದ್ವಿರುದ್ಧ ಹೋಗಬೇಕು: ಅವುಗಳ ಜೀರ್ಣಕ್ರಿಯೆ ಬಹಳ ನಿಧಾನ, ದೊಡ್ಡವಕ್ಕೆ 4ರಿಂದ 6 ವಾರದ ಅಂತರ ಬೇಕು.

ಇಷ್ಟು ದಿನ ಹಸಿದಿದ್ದು ಹೇಗೆ ಬದುಕುತ್ತದೆ ಎಂದು ಅವ್ವ ಕೇಳಿದ್ದಕ್ಕೆ ನಾನು ಕೊಟ್ಟ ಉದಾಹರಣೆ ನಮ್ಮೂರ ಛತ್ರದ ಅಡುಗೆಮನೆ. ಮದುವೆ ಇದ್ದಾಗ ಹತ್ತು ಒಲೆ, ಇಲ್ಲದಾಗ ಬೀಗ. ದಿನಾಲೂ ಒಲೆ ಹೊತ್ತಿಸಿಡುವುದು ನಮ್ಮಂಥ ಬಿಸಿರಕ್ತದವರ ಖರ್ಚು. ಬರ್ಮೀಸ್ ಹೆಬ್ಬಾವಿನ ಮೇಲೆ ನಡೆದ ಅಧ್ಯಯನಗಳಲ್ಲಿ ಊಟವಾದ ಒಂದೆರಡು ದಿನಗಳಲ್ಲಿ ಸಣ್ಣ ಕರುಳಿನ ತೂಕ ದುಪ್ಪಟ್ಟಾಗುವುದು, ಜೀರ್ಣವಾದ ಮೇಲೆ ಮತ್ತೆ ಕುಗ್ಗುವುದು ಕಂಡಿದೆ. ಕಾಡಿನಲ್ಲಿ ಬೇಟೆ ಯಾವಾಗ ಸಿಗುವುದೋ ಗೊತ್ತಿಲ್ಲದ್ದರಿಂದ, ಸಿಕ್ಕಿದ್ದನ್ನೆಲ್ಲ ತಿನ್ನುವುದು ಅದರ ಸ್ವಭಾವ. ಹಾಗಾಗಿ "ಹಾಕಿದರೆ ತಿನ್ನುತ್ತದೆ" ಎನ್ನುವುದು ಹಸಿವಿನ ಗುರುತಲ್ಲ.

ತೆಳುವೋ ದಪ್ಪವೋ ನೋಡುವ ಬಗೆ

ಮೈಯ ಅಡ್ಡಕೊಯ್ತ ಹೇಗಿರಬಹುದೆಂದು ಊಹಿಸಿ. ಬೆನ್ನೆಲುಬು ಹಂಚಿನ ಮನೆಯ ಮಾಡಿನಂತೆ ಚೂಪಾಗಿ ಎದ್ದು, ಎರಡೂ ಪಕ್ಕ ಒಳಗೆ ಇಳಿದಿದ್ದರೆ ಸೊರಗಿದೆ. ಬೆನ್ನೆಲುಬು ಬೆರಳಿಗೆ ತಾಗುತ್ತದೆ, ಆದರೆ ಪಕ್ಕಗಳು ತುಂಬಿಕೊಂಡು ಮೆತ್ತಗೆ ಇಳಿಜಾರಾಗಿವೆ ಎಂದರೆ ಸರಿಯಾಗಿದೆ. ಬೆನ್ನೆಲುಬಿನ ಜಾಗದಲ್ಲಿ ಗಟಾರದಂತೆ ಗೆರೆ ಬಿದ್ದಿದ್ದರೆ, ಸುತ್ತಿಕೊಂಡಾಗ ಮೈಯಲ್ಲಿ ಮಡಿಕೆ ಬೀಳುತ್ತಿದ್ದರೆ, ಊಟವಿಲ್ಲದ ದಿನವೂ ಹುರುಪೆಗಳ ನಡುವಿನ ಚರ್ಮ ಕಾಣುತ್ತಿದ್ದರೆ ಕೊಬ್ಬು ಏರಿದೆ. ನಾನು ನೋಡಿದ ಸಾಕು ಹಾವುಗಳಲ್ಲಿ ಸೊರಗಿದವಕ್ಕಿಂತ ಕೊಬ್ಬಿದವೇ ಜಾಸ್ತಿ. ಯಕೃತ್ತಿನಲ್ಲಿ ಕೊಬ್ಬು ಸೇರಿದರೆ ಅದು ಹೊರಗೆ ಗೊತ್ತಾಗುವುದಿಲ್ಲ, 20-30 ವರ್ಷ ಬಾಳಬೇಕಾದ ಪ್ರಾಣಿ ನಡುವಯಸ್ಸಿನಲ್ಲೇ ಹೋಗುತ್ತದೆ. ಕೊಬ್ಬಿದ ಹಾವನ್ನು ಒಮ್ಮೆಲೇ ಉಪವಾಸಕ್ಕೆ ದೂಡಬೇಡಿ. ಇಲಿಯ ಅಳತೆ ಒಂದು ಮೆಟ್ಟಿಲು ಇಳಿಸಿ, ಅಂತರವನ್ನು ಒಂದು ವಾರ ಹಿಗ್ಗಿಸಿ, ತಿಂಗಳಿಗೊಮ್ಮೆ ತೂಗುತ್ತ ಹೋಗಿ.

ಊಟ ಹಾಕುವ ದಿನ, ಹಂತ ಹಂತವಾಗಿ

ನಮ್ಮದು ಮೊಟ್ಟೆಯೂ ಬರದ ಮನೆ. ಆದ್ದರಿಂದ ಮೊದಲ ಹಂತ ಇಲಿಗೆ ಜಾಗ ಹುಡುಕುವುದಾಗಿತ್ತು. ಅಡುಗೆಮನೆಯ ಫ್ರಿಜ್ ಸಾಧ್ಯವೇ ಇರಲಿಲ್ಲ. ಪುಣೆಯ ಫ್ಲ್ಯಾಟುಗಳಿಗೆ ದೇವರು ಕೊಟ್ಟ ವರ ಡ್ರೈ ಬಾಲ್ಕನಿ, ಅಂದರೆ ಅಡುಗೆಮನೆಗೆ ಅಂಟಿದ, ಪಾತ್ರೆ ಬಟ್ಟೆ ತೊಳೆಯುವ ಜಾಗ. ಅಲ್ಲಿ ಹಳೆಯ ಚಿಕ್ಕ ಫ್ರಿಜ್ ಇಟ್ಟು ಬೀಗ ಹಾಕಿದೆ. ಮಾಂಸಾಹಾರಿ ಮನೆಗಳಿಗೂ ನನ್ನ ಸಲಹೆ ಇದೇ. ಬೇರೆ ಫ್ರಿಜ್ ಆಗದಿದ್ದರೆ ಗಟ್ಟಿ ಮುಚ್ಚಳದ ಬೇರೆ ಡಬ್ಬಿಯಾದರೂ ಬೇಕು. ಮೈನಸ್ 18 ಡಿಗ್ರಿಯಲ್ಲಿಟ್ಟ ಇಲಿಯನ್ನು ಆರು ತಿಂಗಳೊಳಗೆ ಮುಗಿಸಿ, ಪೊಟ್ಟಣದ ಮೇಲೆ ತಾರೀಖು ಬರೆಯಿರಿ.

1. ಹಿಂದಿನ ರಾತ್ರಿ ಬೇಕಾದ ಇಲಿಯನ್ನು ಜಿಪ್ ಚೀಲದಲ್ಲಿ ಹಾಕಿ ಫ್ರೀಜರಿನಿಂದ ಫ್ರಿಜ್ಜಿನ ಕೆಳಗಿನ ಭಾಗಕ್ಕೆ ಇಳಿಸಿ. ದಿನವಿಡೀ ಹೊರಗಿಟ್ಟು ಕರಗಿಸಬೇಡಿ, ಹೊಟ್ಟೆ ಉಬ್ಬಿ ಕೊಳೆಯಲು ಶುರುವಾಗುತ್ತದೆ.

2. ಊಟದ ದಿನ ಸಂಜೆ ನೋಡಿ: ಕಣ್ಣು ಮಂಜಾಗಿ ನೀಲಿಗಟ್ಟಿದೆಯೇ? ಹಾಗಿದ್ದರೆ ಪೊರೆ ಬಿಡುವ ಸಮಯ, ಊಟ ಬೇಡ. ಪೊರೆ ಕಳಚಿದ ಮೇಲೆ ಹಾಕಿ. ಬಿಸಿ ತುದಿಯ ಥರ್ಮಾಮೀಟರ್ ಕೂಡ ಈಗಲೇ ನೋಡಿ.

3. ಕತ್ತಲಾದ ಮೇಲೆ, ಇಲಿಯನ್ನು ಚೀಲದ ಸಮೇತ ಬಿಸಿನೀರಿನಲ್ಲಿ 15-20 ನಿಮಿಷ ಇಡಿ. ಸ್ನಾನದ ನೀರಿಗಿಂತ ಸ್ವಲ್ಪ ಬಿಸಿ ಸಾಕು, ಕುದಿಯುವುದು ಬೇಡ, ಬೆಂದರೆ ಹೊಟ್ಟೆ ಒಡೆಯುತ್ತದೆ. ಹೊಟ್ಟೆಯ ಭಾಗ ಒತ್ತಿ ನೋಡಿ, ಒಳಗೆ ಗಟ್ಟಿ ಮಂಜು ಉಳಿದಿರಬಾರದು. ಮೈಕ್ರೋವೇವ್‌ನಲ್ಲಿ ಇಡಬೇಡಿ. ಯಾಕೆಂದು ವಿವರಿಸುವುದಿಲ್ಲ, ಒಬ್ಬ ಗೆಳೆಯ ಇಟ್ಟು ನೋಡಿದ, ಆಮೇಲೆ ಹೊಸ ಮೈಕ್ರೋವೇವ್ ತಂದ.

4. ಒರೆಸಿ ಒಣಗಿಸಿ. ತಲೆಯ ಭಾಗ ಇನ್ನೊಂದಿಷ್ಟು ಬೆಚ್ಚಗಿರಲಿ. ಬಾಲ್ ಪೈಥಾನಿನ ತುಟಿಯ ಮೇಲೆ ಶಾಖ ಗ್ರಹಿಸುವ ಕುಳಿಗಳಿವೆ, ಕತ್ತಲಲ್ಲಿ ಅದು ಬೇಟೆಯ ಬಿಸಿಯನ್ನು "ನೋಡುತ್ತದೆ". ತಣ್ಣಗಿನ ಇಲಿ ಅದಕ್ಕೆ ಕಲ್ಲಿನ ಸಮ. ಕಾರ್ನ್ ಸ್ನೇಕ್‌ಗೆ ಈ ಕುಳಿಗಳಿಲ್ಲ, ವಾಸನೆಯೇ ಮುಖ್ಯ.

5. ಒಂದಡಿ ಉದ್ದದ ಚಿಮಟದಲ್ಲಿ ಇಲಿಯ ಹಿಂಭಾಗ ಹಿಡಿದು, ತಲೆ ಹಾವಿನ ಕಡೆ ಇರುವಂತೆ ಗೂಡಿನೊಳಗೇ ತೋರಿಸಿ. ಊಟಕ್ಕೆಂದು ಬೇರೆ ಡಬ್ಬಿಗೆ ಹಾಕುವ ಪದ್ಧತಿ ಬೇಡ, ಹೊಟ್ಟೆ ತುಂಬಿದ ಹಾವನ್ನು ಎತ್ತಿ ಮರಳಿ ಹಾಕುವಾಗ ಅದು ಕಕ್ಕಬಹುದು. ಮೂಗಿಗೆ ಚುಚ್ಚಬೇಡಿ. ಸ್ವಲ್ಪ ದೂರದಲ್ಲಿ ನಿಧಾನ ಅಲುಗಾಡಿಸಿ, ನಿಲ್ಲಿಸಿ, ಮತ್ತೆ ಅಲುಗಾಡಿಸಿ.

6. ಹಿಡಿದು ಸುತ್ತಿದ ತಕ್ಷಣ ಚಿಮಟ ಬಿಡಿ, ದೀಪ ಆರಿಸಿ, ಹೊರಗೆ ಹೋಗಿ. ಮೊಬೈಲಿನಲ್ಲಿ ವೀಡಿಯೊ ತೆಗೆಯಲು ಕುಳಿತರೆ ಅರ್ಧಕ್ಕೆ ಬಿಡುವ ಹಾವುಗಳಿವೆ.

7. ತೆಗೆದುಕೊಳ್ಳದಿದ್ದರೆ ಒಂದು ತಟ್ಟೆಯಲ್ಲಿ ಅಡಗುಗೂಡಿನ ಬಾಯಿಗೆ ಇಟ್ಟು ಮಲಗಿ. ಬೆಳಿಗ್ಗೆಯೂ ಹಾಗೇ ಇದ್ದರೆ ಎಸೆಯಿರಿ. ಒಮ್ಮೆ ಕರಗಿದ್ದನ್ನು ಮತ್ತೆ ಫ್ರೀಜರಿಗೆ ಹಾಕುವಂತಿಲ್ಲ.

8. ಕೈ, ಚಿಮಟ, ಪಾತ್ರೆ ಸೋಪಿನಲ್ಲಿ ತೊಳೆಯಿರಿ, ಅಡುಗೆಮನೆಯ ಸಿಂಕಿನಲ್ಲಿ ಅಲ್ಲ. ಹಾವುಗಳ ಮೈಮೇಲೆ ವಾಂತಿಭೇದಿ ತರುವ ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾ ಇರಬಹುದು. ಐದು ವರ್ಷದೊಳಗಿನ ಮಕ್ಕಳಿಂದ ಈ ಕೆಲಸ ಮಾಡಿಸಬೇಡಿ.

ಆಮೇಲೆ ಎರಡು ದಿನ ಮುಟ್ಟಬೇಡಿ. ಹೊಟ್ಟೆಯ ಉಬ್ಬು ಇಳಿಯುವವರೆಗೆ ಬಿಟ್ಟರೆ ಇನ್ನೂ ಒಳ್ಳೆಯದು.

ತಿನ್ನದೆ ಹೋದಾಗ

ಹೊಸದಾಗಿ ತಂದ ಹಾವಿಗೆ ಮೊದಲ ವಾರ ಏನೂ ತೋರಿಸಬೇಡಿ, ಎತ್ತಲೂ ಬೇಡಿ. ಜಾಗ ತನ್ನದೆಂದು ಅನ್ನಿಸಲಿ.

ಹಳೆಯ ಹಾವು ಒಮ್ಮೆಲೇ ಬಿಟ್ಟರೆ ಮೊದಲು ಶಾಖ ನೋಡಿ, ಆಮೇಲೆ ತೇವಾಂಶ (60-70 ಶೇಕಡಾ, ಪುಣೆಯ ಏಪ್ರಿಲ್‌ನಲ್ಲಿ ಇದು ದೊಡ್ಡ ಸಮಸ್ಯೆ), ಆಮೇಲೆ ಅಡಗುಗೂಡು ಬಿಗಿಯಾಗಿದೆಯೇ ಎಂದು ನೋಡಿ. ಎಲ್ಲ ಸರಿಯಿದ್ದೂ ಬೆಳೆದ ಬಾಲ್ ಪೈಥಾನ್, ಅದರಲ್ಲೂ ಗಂಡು, ಚಳಿಗಾಲದಲ್ಲಿ ತಿಂಗಳುಗಟ್ಟಲೆ ಬಾಯಿ ಕಟ್ಟುವುದು ಸಾಮಾನ್ಯ. ಗುಂಡ ಒಮ್ಮೆ ನವೆಂಬರಿನಿಂದ ಮಾರ್ಚ್‌ವರೆಗೆ ಏನೂ ಮುಟ್ಟಲಿಲ್ಲ. ತೂಕ ಇಳಿದದ್ದು 60 ಗ್ರಾಂ ಮಾತ್ರ. ಆ ನಾಲ್ಕು ತಿಂಗಳಲ್ಲಿ ನನ್ನದು ಅದಕ್ಕಿಂತ ಜಾಸ್ತಿ ಇಳಿದಿತ್ತು. ಇಂಥ ಕಾಲದಲ್ಲಿ ದಿನಾಲೂ ಇಲಿ ತೋರಿಸಿ ಕಾಡಬೇಡಿ, ಎರಡು ವಾರಕ್ಕೊಮ್ಮೆ ಕೇಳಿದರೆ ಸಾಕು. ತೂಕ 10 ಶೇಕಡಾಕ್ಕಿಂತ ಹೆಚ್ಚು ಇಳಿದರೆ, ಬಾಯಲ್ಲಿ ಗುಳ್ಳೆ, ಉಸಿರಾಟದಲ್ಲಿ ಸದ್ದು, ತುಟಿಯ ಅಂಚಿನಲ್ಲಿ ಕೀವು ಕಂಡರೆ ಸರೀಸೃಪಗಳನ್ನು ನೋಡುವ ವೈದ್ಯರ ಬಳಿ ಒಯ್ಯಿರಿ. ನಾಯಿ ಬೆಕ್ಕಿನ ಎಲ್ಲ ದವಾಖಾನೆಯಲ್ಲೂ ನೋಡುವುದಿಲ್ಲ, ಕಾಯಿಲೆ ಬರುವ ಮೊದಲೇ ವಿಚಾರಿಸಿ ನಂಬರ್ ಇಟ್ಟುಕೊಳ್ಳಿ. ಮರಿಗಳ ವಿಷಯದಲ್ಲಿ ಇಷ್ಟು ಕಾಯಬಾರದು, ಮೂರು ನಾಲ್ಕು ಊಟ ತಪ್ಪಿದರೆ ವೈದ್ಯರನ್ನು ಕೇಳಿಬಿಡಿ. ಬಾಯಿ ಬಿಡಿಸಿ ತುರುಕುವ ಕೆಲಸಕ್ಕೆ ಮನೆಯಲ್ಲಿ ಕೈಹಾಕಬೇಡಿ.

ಕಕ್ಕಿದಾಗ

ಇಲ್ಲಿ ಎಲ್ಲರೂ ಮಾಡುವ ತಪ್ಪು, "ಹೊಟ್ಟೆ ಖಾಲಿಯಾಯಿತಲ್ಲ" ಎಂದು ಮರುದಿನವೇ ಇನ್ನೊಂದು ಹಾಕುವುದು. ಕಕ್ಕಿದಾಗ ಜಠರದ ಆಮ್ಲವೂ ಹೊರಗೆ ಹೋಗಿರುತ್ತದೆ, ಗಂಟಲು ಸುಟ್ಟಿರುತ್ತದೆ. ನೀರು ಮಾತ್ರ ಇಟ್ಟು ಪೂರ್ತಿ 14 ದಿನ ಬಿಡಿ. ಆಮೇಲಿನ ಊಟ ಮಾಮೂಲಿನ ಅರ್ಧ ತೂಕದ್ದಿರಲಿ. ಅದು ಒಳಗೆ ನಿಂತರೆ ಮುಂದಿನದನ್ನು ಸ್ವಲ್ಪ ಹೆಚ್ಚಿಸಿ. ಎರಡನೇ ಸಲವೂ ಕಕ್ಕಿದರೆ ವೈದ್ಯರಿಗೆ ಬಿಡಿ, ಕಕ್ಕಿದ್ದನ್ನೂ ಚೀಲದಲ್ಲಿ ಹಾಕಿ ಜತೆಗೆ ಒಯ್ಯಿರಿ.

ಊರಿಗೆ ಹೋಗುವಾಗ

ಹಾವು ಸಾಕಿದವರ ಒಂದೇ ಸುಖ ಇದು. ಬೆಳೆದ ಹಾವಾದರೆ ಹೋಗುವ ನಾಲ್ಕೈದು ದಿನ ಮೊದಲು ಊಟ ಹಾಕಿ, ಹೊರಡುವ ಹಿಂದಿನ ರಾತ್ರಿ ಮಾತ್ರ ಬೇಡ, ಕಕ್ಕಿದರೆ ನೋಡುವವರಿರುವುದಿಲ್ಲ. ಹತ್ತು ಹದಿನೈದು ದಿನ ಊಟದ ಚಿಂತೆಯೇ ಇಲ್ಲ. ಎದುರು ಫ್ಲ್ಯಾಟಿನ ಕಾಕೂಗೆ ಬೀಗದ ಕೈ ಕೊಟ್ಟು ಎರಡೇ ಕೆಲಸ ಹೇಳಿರುತ್ತೇನೆ: ದಿನಾಲೂ ನೀರು ಬದಲಿಸುವುದು, ಥರ್ಮೋಸ್ಟಾಟಿನ ಅಂಕಿಯ ಫೋಟೊ ಕಳಿಸುವುದು. ಆಕೆಯೂ ಅವ್ವನ ವಯಸ್ಸಿನವಳು, ಕೈ ಸುಮ್ಮನಿರುವುದಿಲ್ಲ. ಅದಕ್ಕೇ ಡ್ರೈ ಬಾಲ್ಕನಿಯ ಫ್ರಿಜ್ಜಿನ ಬೀಗದ ಕೈ ಮಾತ್ರ ನನ್ನ ಜೇಬಿನಲ್ಲೇ ಧಾರವಾಡಕ್ಕೆ ಬರುತ್ತದೆ.